ಚಿಕ್ಕಪ್ಪ ತೋಟಕ್ಕೆ ಹೋಗಿದ್ದಾನೆ

ನನ್ನ ಮೇಲೆ ಊರಿನಲ್ಲಿ ಒಂದು ಹಳೆಯ ಅಪವಾದವಿದೆ: ನಾನು ಸುಳ್ಳು ಹೇಳುವವನಲ್ಲ ಎಂದು. ಈಗಲೂ ಮದುವೆಮನೆಯಲ್ಲೋ ವೈಕುಂಠ ಸಮಾರಾಧನೆಯಲ್ಲೋ ಯಾರಾದರೂ ಹಿರಿಯರು ನನ್ನನ್ನು ಹೊಸಬರಿಗೆ ತೋರಿಸಿ, “ಇಂವ ಸಣ್ಣಿದ್ದಾಗಿಂದ್ಲೂ ಹಂಗೇ, ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತಾನೆ” ಎನ್ನುತ್ತಾರೆ. ಆಗ ಪಕ್ಕದಲ್ಲಿ ನನ್ನ ಹೆಂಡತಿ ಇದ್ದರೆ ಅವಳು ಬಾಳೆಲೆಯ ತುದಿಯ ಉಪ್ಪಿನಕಾಯಿಯನ್ನು ಜೀವಮಾನದಲ್ಲೇ ಮೊದಲ ಸಲ ಕಂಡವಳಂತೆ ನೋಡತೊಡಗುತ್ತಾಳೆ. ಸರ್ವೀಸಿನುದ್ದಕ್ಕೂ ಹಲ್ಲುನೋವು, ಹೊಟ್ಟೆನೋವು, ಹುಟ್ಟೇ ಇರದ ಸೋದರತ್ತೆಯೊಬ್ಬಳ ಎರಡೆರಡು ಬಾರಿಯ ಮರಣ ಇತ್ಯಾದಿ ಕಾರಣಗಳನ್ನು ಬರೆದುಕೊಟ್ಟು ರಜೆ ಪಡೆದವನು ನಾನು. ಎರಡನೆಯ ಸಲ ಸತ್ತಾಗ ಮೇಲಧಿಕಾರಿಗಳು ಬಂದು ಸಂತಾಪವನ್ನೂ ಹೇಳಿದ್ದರು. ಇಂಥವನಿಗೆ ಹರಿಶ್ಚಂದ್ರನ ಪಟ್ಟ ಸಿಕ್ಕಿದ್ದು ಹೇಗೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ದಾರಿಯಲ್ಲಿ ಪ್ರಷ್ಯದ ಒಂದು ಊರಿಗೂ ಸ್ಕಾಟ್‌ಲೆಂಡಿನ ಒಂದು ಕೆಸರುಹೊಂಡಕ್ಕೂ ಹೋಗಿಬರಬೇಕಾಗುತ್ತದೆ. ಕುಳಿತುಕೊಳ್ಳಿ, ಕವಳ ಹಾಕುವವರಾದರೆ ತಟ್ಟೆ ಅಲ್ಲೇ ಇದೆ.

ನನ್ನ ಚಿಕ್ಕಪ್ಪ ಎರಡು ವಿದ್ಯೆಗಳಲ್ಲಿ ಪಾರಂಗತನಾಗಿದ್ದ. ಒಂದು ತಾಳಮದ್ದಲೆಯ ಅರ್ಥಗಾರಿಕೆ, ಇನ್ನೊಂದು ಸಾಲ. ಎರಡಕ್ಕೂ ಬೇಕಾದ ಬಂಡವಾಳ ಮಾತೊಂದೇ ಆದ್ದರಿಂದ ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಹೂಡುವುದು ಅವನಿಗೆ ಸಲೀಸಾಗಿತ್ತು. ತಾಳಮದ್ದಲೆ ನೋಡದವರಿಗೆ, ಅಂದರೆ ಕೇಳದವರಿಗೆ, ಇಷ್ಟು ಹೇಳಬೇಕು: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ನಿಲ್ಲುತ್ತದೆ, ಬಿಳಿಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿಗಳು ಕೃಷ್ಣನಾಗಿ ಕರ್ಣನಾಗಿ ರಾತ್ರಿಯೆಲ್ಲ ವಾದ ಮಾಡುತ್ತಾರೆ. ‘ವಾಲಿವಧೆ’ ಪ್ರಸಂಗವಿದ್ದರಂತೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೋ ಅಧರ್ಮವೋ ಎಂದು ವಾಲಿಯೂ ರಾಮನೂ ಹಿಡಿದ ಪಟ್ಟು ಬಿಡದೆ ಜಗ್ಗಾಡುತ್ತಾರೆ, ಎದೆಗೆ ಬಾಣ ನಾಟಿದ ವಾಲಿ ಎರಡು ತಾಸು ನ್ಯಾಯಶಾಸ್ತ್ರ ಮಾತಾಡಿದ ಮೇಲೆಯೇ ಪ್ರಾಣ ಬಿಡುವುದು. ನೀತಿಯ ಮೂಲ ಯಾವುದು, ಬುದ್ಧಿಯ ಮೂಲ ಯಾವುದು ಎಂದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಚರ್ಚೆಗಳನ್ನು ಆಮೇಲೆ ಓದಿದಾಗ ನನಗೆ ಎಲ್ಲವೂ ಪರಿಚಿತವೆನ್ನಿಸಿತು; ಅವಲಕ್ಕಿ ಮತ್ತು ಕಾಫಿ ಇಲ್ಲ ಎನ್ನುವುದೊಂದೇ ಕೊರತೆ.

ನನಗಾಗ ಒಂಬತ್ತು ವರ್ಷ. ಮನೆಯವರೆಲ್ಲ ಒಂದು ಉಪನಯನಕ್ಕೆ ಹೋಗಿದ್ದರು. ಜ್ವರ ಬಂದ ನನ್ನನ್ನು ನೋಡಿಕೊಳ್ಳಲು ಚಿಕ್ಕಪ್ಪನನ್ನೂ, ಚಿಕ್ಕಪ್ಪನನ್ನು ನೋಡಿಕೊಳ್ಳಲು ನನ್ನನ್ನೂ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಳ್ಳದ ಸಂಕದ ಮೇಲೆ ಒಂದು ಛತ್ರಿ ಕಾಣಿಸಿತು. ಆ ಛತ್ರಿ ನಮ್ಮ ಸೀಮೆಗೆಲ್ಲ ಗೊತ್ತಿದ್ದ ಛತ್ರಿ. ಅದರ ಕೆಳಗೆ ಸಾಹುಕಾರರು ಇರುತ್ತಿದ್ದರು, ಸಾಹುಕಾರರ ಕಂಕುಳಲ್ಲಿ ಕೆಂಪು ಬಟ್ಟೆಯ ಪುಸ್ತಕ ಇರುತ್ತಿತ್ತು, ಪುಸ್ತಕದಲ್ಲಿ ಚಿಕ್ಕಪ್ಪ ಇರುತ್ತಿದ್ದ. ಅವನು ಅಟ್ಟದ ಏಣಿಗೆ ಕಾಲಿಟ್ಟು, “ಕೇಳಿದ್ರೆ ತೋಟಕ್ಕೆ ಹೋಗಿದಾನೆ ಅನ್ನು” ಎಂದ. “ಸುಳ್ಳು ಹೇಳಬಾರ್ದು ಅಂತ ಅಜ್ಜಿ ಹೇಳಿದಾಳೆ” ಎಂದೆ ನಾನು. ಜ್ವರ ಬಂದವರಲ್ಲಿ ಧರ್ಮಬುದ್ಧಿ ಸ್ವಲ್ಪ ಏರಿರುತ್ತದೆ, ಇಳಿದ ಮೇಲೆ ಸರಿಹೋಗುತ್ತದೆ.

ಬೇರೆ ಯಾರಾಗಿದ್ದರೂ ತಲೆಗೆ ಮೊಟಕಿ ಸುಮ್ಮನಾಗುತ್ತಿದ್ದರು. ಚಿಕ್ಕಪ್ಪ ಅರ್ಥಧಾರಿ. ಏಣಿಯ ಐದನೆಯ ಮೆಟ್ಟಿಲಲ್ಲಿ ನಿಂತು, ಸಾಹುಕಾರರು ಸಂಕ ದಾಟಿ ಗದ್ದೆಯ ಅಂಚಿಗೆ ಬರುವುದರೊಳಗೆ, ಮಹಾಭಾರತದ ಕರ್ಣಪರ್ವದಿಂದ ಕೌಶಿಕನ ಕಥೆಯನ್ನು ತೆಗೆದು ನನ್ನ ಮುಂದಿಟ್ಟ. ಧರ್ಮರಾಯ ಸಿಟ್ಟಿನಲ್ಲಿ ಗಾಂಡೀವವನ್ನು ಹೀಯಾಳಿಸಿದ್ದಾನೆ. ಹಾಗೆ ಹೀಯಾಳಿಸಿದವನ ತಲೆ ತೆಗೆಯುತ್ತೇನೆಂದು ವ್ರತ ಹಿಡಿದ ಅರ್ಜುನ ಅಣ್ಣನ ಮೇಲೆಯೇ ಕತ್ತಿ ಹಿರಿದಿದ್ದಾನೆ. ಆಗ ಕೃಷ್ಣ ಅಡ್ಡಬಂದು ಹೇಳುವ ಕಥೆ ಅದು. ನದಿಗಳ ಸಂಗಮದ ಹತ್ತಿರ ಕೌಶಿಕನೆಂಬ ತಪಸ್ವಿ, ಓದು ಅಷ್ಟಕ್ಕಷ್ಟೇ, ಸತ್ಯ ಹೇಳುವ ವ್ರತ ಮಾತ್ರ ಗಟ್ಟಿ. ದರೋಡೆಕೋರರಿಗೆ ಹೆದರಿದ ಜನ ಅವನೆದುರೇ ಓಡಿ ಕಾಡು ಹೊಕ್ಕರು. ದರೋಡೆಕೋರರು ಬಂದು, ಸ್ವಾಮೀ ಯಾವ ಕಡೆ ಎಂದರು. ಸ್ವಾಮಿ ಸತ್ಯ ನುಡಿದ. ಅವರು ಹೋಗಿ ಎಲ್ಲರನ್ನೂ ಕೊಂದರು. ಕಾಲಾಂತರದಲ್ಲಿ ಕೌಶಿಕ ಸ್ವರ್ಗದ ದಾರಿ ಹಿಡಿಯಲು ಹೋದರೆ ಅದು ಸೀದಾ ನರಕಕ್ಕೆ ಹೋಗುತ್ತಿತ್ತು. “ಗೊತ್ತಾಯ್ತಾ?” ಎಂದು ಚಿಕ್ಕಪ್ಪ ಅಟ್ಟದ ಕತ್ತಲಲ್ಲಿ ಮಾಯವಾದ. ನನಗೆ ಗೊತ್ತಾದದ್ದು ನರಕ ಎಂಬ ಒಂದೇ ಶಬ್ದ.

ಸಾಹುಕಾರರು ಬಂದರು, ಕೇಳಿದರು, ನಾನು ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ “ಚಿಕ್ಕಪ್ಪ ತೋಟಕ್ಕೆ ಹೋಗಿದ್ದಾನೆ” ಎಂದೆ. ಅವರು ಅಲ್ಲಿಂದಲೇ ತೋಟದ ಕಡೆ ತಿರುಗಿದರು. ನಾನು ನರಕದಿಂದ ಪಾರಾದ ಸಮಾಧಾನದಲ್ಲಿ ಕಂಬಳಿ ಹೊದ್ದು ಮಲಗಿದೆ. ಹತ್ತು ನಿಮಿಷದಲ್ಲಿ ಹಿತ್ತಿಲ ಕಡೆಯಿಂದ ಮಾತು ಕೇಳಿ ಎದ್ದು ನೋಡಿದರೆ ಮುಂದೆ ಸಾಹುಕಾರರು, ಹಿಂದೆ ಚಿಕ್ಕಪ್ಪ, ಚಿಕ್ಕಪ್ಪನ ತಲೆಯ ಮೇಲೆ ಬಾಳೆಯ ಒಣಗಿದ ಎಲೆ. ನಡೆದದ್ದಿಷ್ಟು: ಅಟ್ಟದಲ್ಲಿ ಕೂತ ಚಿಕ್ಕಪ್ಪನಿಗೆ ನನ್ನ ಮೇಲೆ ಅನುಮಾನ ಬಂದಿದೆ. ಈ ಹುಡುಗ ಅಜ್ಜಿಯ ಪಕ್ಷ, ಅಟ್ಟದಲ್ಲಿದ್ದಾನೆ ಎಂದು ಹೇಳಿಯೇಬಿಡುತ್ತಾನೆ ಎಂದುಕೊಂಡು, ಕೊಟ್ಟಿಗೆಯ ಮಾಡಿನ ಮೇಲಿಂದ ಹುಲ್ಲಿನ ಮೆದೆಗೆ ಜಾರಿ ತೋಟ ಸೇರಿ ಬಾಳೆಹಿಂಡಿನ ಮರೆಯಲ್ಲಿ ಕೂತಿದ್ದ. ಸಾಹುಕಾರರು ನೆಟ್ಟಗೆ ಅಲ್ಲಿಗೇ ಹೋದರು.

ಇದಾಗಿ ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಯ ನಂತರ, ನನಗೆ ತತ್ವಶಾಸ್ತ್ರದ ಗೀಳು ಹಿಡಿಯಿತು. ನಿವೃತ್ತರಿಗೆ ಏನಾದರೂ ಒಂದು ಹಿಡಿಯುತ್ತದೆ. ಕೆಲವರಿಗೆ ತಾರಸಿ ತೋಟ, ಕೆಲವರಿಗೆ ಷೇರು ಮಾರ್ಕೆಟ್ಟು, ನನ್ನ ಸ್ನೇಹಿತರೊಬ್ಬರಿಗೆ ಹೋಮಿಯೋಪಥಿ ಹಿಡಿದು ಬೀದಿಯವರೆಲ್ಲ ಬಾಗಿಲು ಹಾಕಿಕೊಳ್ಳುವಂತಾಗಿತ್ತು. ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಕೂತು ಇಮ್ಯಾನುಯೆಲ್ ಕಾಂಟನ ಕೆಲವೇ ಪುಟಗಳ ಒಂದು ಲೇಖನ ಓದುತ್ತಿದ್ದವನಿಗೆ ಮೈಯೆಲ್ಲ ಬೆವೆತಿತು. ಕಾರಣ, ಅದರೊಳಗೆ ನಮ್ಮ ಮನೆಯ ಜಗಲಿ ಇತ್ತು.

ಕಾಂಟ್ ಹುಟ್ಟಿದ್ದು 1724ರಲ್ಲಿ, ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಸತ್ತದ್ದೂ ಅದೇ ಊರಿನಲ್ಲಿ, 1804ರಲ್ಲಿ. ನಡುವೆ ಆ ಸೀಮೆ ಬಿಟ್ಟು ಹೊರಗೆ ಹೋದವನಲ್ಲ, ಈ ಒಂದು ವಿಷಯದಲ್ಲಿ ನಮ್ಮ ಅಜ್ಜಿಯ ಹಾಗೆ. ಊರು ಮಾತ್ರ ಅವನನ್ನು ಅಲ್ಲೇ ಮಲಗಿಸಿಕೊಂಡು ಪ್ರಷ್ಯದಿಂದ ರಷ್ಯಕ್ಕೆ ಹೋಗಿದೆ, ಈಗ ಅದರ ಹೆಸರು ಕಲಿನಿನ್‌ಗ್ರಾದ್. ಅವನ ಶಿಸ್ತಿನ ಕಥೆಗಳು ನಿಮಗೂ ಗೊತ್ತಿರಬಹುದು. ಬೆಳಿಗ್ಗೆ ಐದಕ್ಕೆ ಆಳು ಲಾಂಪೆ ಎಬ್ಬಿಸಬೇಕು, ಇನ್ನೂ ಸ್ವಲ್ಪ ಮಲಗುತ್ತೇನೆಂದು ಧಣಿ ಗೋಗರೆದರೂ ಬಿಡಕೂಡದೆಂಬ ಆಜ್ಞೆ ಧಣಿಯದೇ. ದಿನಕ್ಕೊಂದೇ ಊಟ, ಮಧ್ಯಾಹ್ನ; ಪಂಕ್ತಿಯಲ್ಲಿ ಮೂವರಿಗಿಂತ ಕಡಿಮೆಯಾಗಬಾರದು, ಒಂಬತ್ತಕ್ಕಿಂತ ಹೆಚ್ಚಾಗಬಾರದು. ನಲವತ್ತು ವರ್ಷ ದುಡಿದ ಆ ಲಾಂಪೆಯನ್ನು ಕೊನೆಗಾಲದಲ್ಲಿ, 1802ರಲ್ಲಿ, ಬಿಡಿಸಬೇಕಾಗಿ ಬಂತು. ಬಿಡಿಸಿದ ಮೇಲೂ ಬಾಯಿಗೆ ಅದೇ ಹೆಸರು ಬರುತ್ತಿದ್ದುದರಿಂದ, ಲಾಂಪೆ ಎಂಬ ಹೆಸರನ್ನು ಪೂರ್ತಿ ಮರೆಯಬೇಕು ಎಂದು ಕಾಂಟ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡನಂತೆ. ಮರೆಯಬೇಕಾದ್ದನ್ನು ಮರೆಯದ ಹಾಗೆ ಬರೆದಿಟ್ಟುಕೊಂಡ ಈ ಮುದುಕನನ್ನು ನೆನೆದರೆ, ಅವನು ‘ಶುದ್ಧ ಬುದ್ಧಿ’ಯ ಬಗ್ಗೆ ಬರೆದ ದಪ್ಪ ಗ್ರಂಥ ನನ್ನಂಥವನಿಗೂ ಸ್ವಲ್ಪ ಹತ್ತಿರ ಬಂದಂತಾಗುತ್ತದೆ. ಬಂದರೂ ಅರ್ಥವಾಗುವುದಿಲ್ಲ, ಅದು ಬೇರೆ.

ಜಗಲಿಗೆ ಬರೋಣ. ಬೆಂಜಮಿನ್ ಕಾನ್‌ಸ್ತಾಂ ಎಂಬ, ಲೋಸಾನ್‌ನಲ್ಲಿ ಹುಟ್ಟಿದ, ಮೂವತ್ತರ ಆಸುಪಾಸಿನ ಒಬ್ಬ ತರುಣ ಫ್ರೆಂಚಿನಲ್ಲಿ ಒಂದು ಪುಸ್ತಿಕೆ ಬರೆದ. ಕ್ರಾಂತಿಯ ಕಾಲ, ಯಾರು ಯಾರ ಮನೆಯಲ್ಲಿ ಅಡಗಿದ್ದಾರೆಂದು ಕೇಳಿಕೊಂಡು ಜನ ಬಾಗಿಲು ಬಡಿಯುವುದು ಅಲ್ಲಿ ಕಥೆಯ ಮಾತಾಗಿರಲಿಲ್ಲ. ಅದರಲ್ಲಿ ಅವನು ಚುಚ್ಚಿದ: ಒಬ್ಬ ಜರ್ಮನ್ ತತ್ವಜ್ಞಾನಿಯ ಪ್ರಕಾರ, ಕೊಲೆಗಾರ ಅಟ್ಟಿಸಿಕೊಂಡು ಬಂದ ಸ್ನೇಹಿತ ನಿನ್ನ ಮನೆಯಲ್ಲಿ ಅಡಗಿದ್ದರೆ, ಆ ಕೊಲೆಗಾರ ಬಾಗಿಲಲ್ಲಿ ನಿಂತು ಕೇಳಿದಾಗಲೂ ಸುಳ್ಳು ಹೇಳುವುದು ಅಪರಾಧವಂತೆ! ಎಪ್ಪತ್ತಮೂರು ವರ್ಷದ ಕಾಂಟ್ 1797ರಲ್ಲಿ ಉತ್ತರ ಬರೆದ. ಹೌದು, ಇಂಥದ್ದನ್ನು ನಾನು ಎಲ್ಲೋ ಹೇಳಿದ್ದೇನೆ, ಎಲ್ಲಿ ಎಂಬುದು ಈಗ ನೆನಪಿಲ್ಲ ಎಂದು ಮೊದಲು ಒಪ್ಪಿಕೊಂಡ, ಆಮೇಲೆ ಹೇಳಿದ್ದು ಸರಿಯೇ ಎಂದು ಸಾಧಿಸಲು ಹೊರಟ. ಎಲ್ಲಿ ಹೇಳಿದ್ದೆಂದು ನೆನಪಿಲ್ಲದ ಮಾತಿಗೆ ಇಷ್ಟು ಗಟ್ಟಿಯಾಗಿ ಆತುಕೊಳ್ಳುವ ಶಕ್ತಿ ನಾನು ನೋಡಿದ ಮಟ್ಟಿಗೆ ತತ್ವಜ್ಞಾನಿಗಳಿಗೂ ಮಾವಂದಿರಿಗೂ ಮಾತ್ರ ಇದೆ.

ಕಾಂಟನ ವಾದದ ಒಂದು ಎಳೆ ಹೀಗಿದೆ. ನೀನು ಸ್ನೇಹಿತನನ್ನು ಉಳಿಸಲೆಂದು ‘ಮನೆಯಲ್ಲಿಲ್ಲ’ ಎಂದೆ. ಅಷ್ಟರಲ್ಲಿ ಅವನು ನಿನಗೆ ಗೊತ್ತಿಲ್ಲದೆ ನಿಜವಾಗಿಯೂ ಹೊರಗೆ ಜಾರಿದ್ದಾನೆ. ನಿನ್ನ ಮಾತು ನಂಬಿ ತಿರುಗಿದ ಕೊಲೆಗಾರನಿಗೆ ಅವನು ದಾರಿಯಲ್ಲಿ ಸಿಕ್ಕ, ಸತ್ತ. ಆ ಸಾವಿನ ಹೊಣೆ ನಿನ್ನ ತಲೆಗೆ. ಅದೇ ನೀನು ಸತ್ಯ ಹೇಳಿದ್ದರೆ, ಕೊಲೆಗಾರ ಮನೆಯೆಲ್ಲ ಹುಡುಕುವಷ್ಟರಲ್ಲಿ ನೆರೆಯವರು ಬಂದು ಅವನನ್ನು ಹಿಡಿಯಲೂಬಹುದಿತ್ತು. ಓದುತ್ತ ಓದುತ್ತ ನನ್ನ ಬಲಗಿವಿ ಬಿಸಿಯಾಯಿತು. ಏಕೆಂದರೆ ಸಾಹುಕಾರರು ಹೋದ ಮೇಲೆ ಚಿಕ್ಕಪ್ಪ ಅದೇ ಬಲಗಿವಿ ಹಿಂಡುತ್ತ ಹೇಳಿದ್ದು ಅಕ್ಷರಶಃ ಇದೇ: “ಅಟ್ಟದಲ್ಲಿದಾನೆ ಅಂತ ನಿಜ ಹೇಳಿದ್ರೆ ಅವ್ರು ಅಟ್ಟ ಹತ್ತಿ ಇಳಿಯೋದ್ರೊಳಗೆ ನಾನು ಸಂಕ ದಾಟಿರ್ತಿದ್ದೆ!” ಪ್ರಷ್ಯದ ಮಹಾಮೇಧಾವಿಯೂ, ಜೀವಮಾನದಲ್ಲಿ ಒಂದು ಸಾಲವನ್ನೂ ತೀರಿಸದ ನನ್ನ ಚಿಕ್ಕಪ್ಪನೂ ನೂರಾರು ವರ್ಷಗಳ ಅಂತರದಲ್ಲಿ ಒಂದೇ ನಿರ್ಣಯಕ್ಕೆ ಬಂದಿದ್ದರು. ಏಣಿಯ ಮೇಲೆ ಕೃಷ್ಣನಾಗಿದ್ದವನು ಬಾಳೆಹಿಂಡಿನಿಂದ ಎದ್ದು ಬರುವಾಗ ಕಾಂಟ್ ಆಗಿದ್ದ.

ಕಾನ್‌ಸ್ತಾಂ ಹೇಳಿದ್ದು ಬಹಳ ಸರಳ: ಸತ್ಯ ಹೇಳುವುದು ಕರ್ತವ್ಯ ನಿಜ, ಆದರೆ ಆ ಸತ್ಯವನ್ನು ಕೇಳುವ ಹಕ್ಕು ಎದುರಿಗಿರುವವನಿಗೆ ಇರಬೇಕು. ಇದನ್ನು ಓದಿದಾಗ ನನಗೆ ಗೋವಿನ ಹಾಡಿನ ಹುಲಿ ನೆನಪಾಯಿತು. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಮುಂದೆ ಹೋಗಿ ನಿಂತದ್ದನ್ನು ಕೇಳಿ ಅತ್ತವರೇ ನಾವೆಲ್ಲ. ಬೆಳೆದ ಮೇಲೆ ಅನ್ನಿಸುತ್ತದೆ, ಆ ಕಥೆಯಲ್ಲಿ ಸತ್ಯ ಗೆದ್ದದ್ದು ಅರ್ಧ ಹಸುವಿನಿಂದ, ಅರ್ಧ ಹುಲಿಯಿಂದ. ಪ್ರಾಣ ಬಿಡುವಷ್ಟು ನಾಚಿಕೆ ಇದ್ದ ಹುಲಿ ಅದು. ಕೌಶಿಕನ ಮುಂದೆ ನಿಂತ ದರೋಡೆಕೋರರಿಗೆ ಅಂಥ ತೊಂದರೆ ಇರಲಿಲ್ಲ. ನಮ್ಮ ಸಾಹುಕಾರರು ಇವೆರಡರ ಮಧ್ಯೆ ಎಲ್ಲೋ ಬರುತ್ತಾರೆ. ಬಡ್ಡಿ ಬಿಡುತ್ತಿರಲಿಲ್ಲ, ಆದರೆ ಜ್ವರ ಬಂದ ಹುಡುಗನ ಹಣೆ ಮುಟ್ಟಿ ನೋಡಿದ್ದರು.

ಸುಳ್ಳು ಯಾಕೆ ಹೇಳಬಾರದು? ಅಜ್ಜಿಯನ್ನು ಕೇಳಿದರೆ “ಹೇಳಬಾರ್ದು ಅಂದ್ರೆ ಹೇಳಬಾರ್ದು” ಎನ್ನುತ್ತಿದ್ದಳು. ಕಾಂಟ್ ಕೂಡ ಕೊನೆಗೆ ಅಲ್ಲಿಗೇ ಬರುತ್ತಾನೆ, ಆದರೆ ಅವನು ಸುತ್ತಿ ಬರುವ ದಾರಿ ಚೆನ್ನಾಗಿದೆ. ನೀನು ಮಾಡುವುದನ್ನು ಎಲ್ಲರೂ ಮಾಡಬೇಕೆಂಬ ನಿಯಮವನ್ನಾಗಿ ಮಾಡಿ ನೋಡು, ಆ ನಿಯಮ ತನ್ನನ್ನು ತಾನೇ ತಿಂದುಕೊಂಡರೆ ಅದು ಅಧರ್ಮ. 1785ರ ಒಂದು ಗ್ರಂಥದಲ್ಲಿ ಇದಕ್ಕೆ ಅವನು ಕೊಡುವ ದೃಷ್ಟಾಂತವೂ ಚಿಕ್ಕಪ್ಪನದೇ: ತೀರಿಸಲಾಗದೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತುಕೊಟ್ಟು ಸಾಲ ಎತ್ತುವವನು. ಎಲ್ಲರೂ ಹಾಗೆ ಮಾಡಿದರೆ ಮಾತಿಗೆ ಬೆಲೆಯಿರದು, ಸಾಲ ಕೊಡುವವನೂ ಇರನು, ಸುಳ್ಳಿನ ಗಿಡ ತನ್ನ ಬುಡ ತಾನೇ ಕಡಿದುಕೊಂಡಂತಾಗುತ್ತದೆ. ಎಂಥ ನಿಷ್ಕೃಷ್ಟ ತರ್ಕ! ಆದರೆ ಕಾಂಟ್ ನಮ್ಮೂರು ನೋಡಿರಲಿಲ್ಲ. ಅಲ್ಲಿ ಎಲ್ಲರೂ ಸಾಲ ಮಾಡಿದ್ದರು, ಎಲ್ಲರೂ ‘ಮನೆಯಲ್ಲಿಲ್ಲ’ ಎನ್ನುತ್ತಿದ್ದರು, ಸಾಹುಕಾರರಿಗೂ ಅದು ಗೊತ್ತಿತ್ತು. ಹಾಗಾಗಿ ಕಾಲಕ್ರಮದಲ್ಲಿ ಆ ಮಾತು ಸುಳ್ಳಾಗಿ ಉಳಿಯದೆ ‘ಇದ್ದಾನೆ, ದುಡ್ಡಿಲ್ಲ’ ಎಂಬುದರ ಸಭ್ಯ ರೂಪವಾಗಿತ್ತು. ಅಷ್ಟೇಕೆ, ಒಂದು ಕಾಲಕ್ಕೆ ಬೆಂಗಳೂರಿನಿಂದ ಹಿಡಿದು ಹಳ್ಳಿಹಳ್ಳಿಯ ಬಾಗಿಲುಗಳ ಮೇಲೆ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆದಿರುತ್ತಿದ್ದರಲ್ಲ, ಅದಕ್ಕಿಂತ ಸಾರ್ವತ್ರಿಕವಾದ ಸುಳ್ಳು ವಾಗ್ದಾನ ಉಂಟೇ? ದೆವ್ವ ಪ್ರತಿ ರಾತ್ರಿ ಬಂದು, ಓದಿ, ನಂಬಿ ಹಿಂದಕ್ಕೆ ಹೋಗುತ್ತಿತ್ತೆಂದೇ ಲೆಕ್ಕ. ಪಾಪ, ಅಕ್ಷರಸ್ಥ ದೆವ್ವ.

ಹೀಗೆ ಕಾಂಟನನ್ನು ಗೇಲಿ ಮಾಡುತ್ತಿದ್ದ ನನಗೆ ಅವನ ಮೇಲೆ ಅಕ್ಕರೆ ಹುಟ್ಟಿದ್ದು ಇನ್ನೊಂದು ಪ್ರಕರಣದಿಂದ. 1794ರಲ್ಲಿ, ಧರ್ಮದ ವಿಷಯದಲ್ಲಿ ಅವನು ಬರೆದ ಬರಹ ಪ್ರಷ್ಯದ ರಾಜ ಎರಡನೆಯ ಫ್ರೆಡರಿಕ್ ವಿಲಿಯಮನಿಗೆ ಹಿಡಿಸದೆ ಕಟುವಾದ ರಾಜಾಜ್ಞೆ ಬಂತು. ಎಪ್ಪತ್ತರ ಕಾಂಟ್ ಕಾಗದ ಬರೆದ: ಮಹಾಪ್ರಭುಗಳ ಪರಮ ನಿಷ್ಠ ಪ್ರಜೆಯಾಗಿ, ಇನ್ನು ಮುಂದೆ ಧರ್ಮದ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಪಾಠವನ್ನೂ ಹೇಳುವುದಿಲ್ಲ ಎಂದು. ರಾಜ ಸಮಾಧಾನಗೊಂಡ. 1797ರ ನವೆಂಬರಿನಲ್ಲಿ ಆ ರಾಜ ತೀರಿಕೊಂಡ. ಮರುವರ್ಷವೇ ಕಾಂಟ್ ಧರ್ಮದ ವಿಷಯವಿದ್ದ ಪುಸ್ತಕ ಹೊರತಂದು, ಮುನ್ನುಡಿಯಲ್ಲಿ ಗುಟ್ಟು ಬಿಚ್ಚಿಟ್ಟ: ನಾನು ಆ ಪದಗಳನ್ನು ಯೋಚಿಸಿಯೇ ಬರೆದದ್ದು, ಆ ಮಹಾಪ್ರಭುಗಳು ಇರುವ ತನಕ ಮಾತ್ರ ನಾನು ಅವರ ಪ್ರಜೆ!

ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ, ಆನೆ ಎಂದು ಮೆಲ್ಲಗೆ ಹೇಳಿದನಲ್ಲ, ಅದೇ ರಾಗ, ಬೇರೆ ತಾಳ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಕೇಳಿದವನಿಗೆ ತಲುಪಿದ್ದರಲ್ಲಿ ಒಂದಕ್ಷರ ನಿಜವಿಲ್ಲ. ವ್ಯಾಸರು ನಿರ್ದಾಕ್ಷಿಣ್ಯದ ಲೆಕ್ಕಿಗರು; ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಹೋಗುತ್ತಿದ್ದ ಧರ್ಮರಾಯನ ರಥ ಅಂದು ನೆಲ ಮುಟ್ಟಿತು ಎಂದು ಬರೆದೇಬಿಟ್ಟರು. ಕೋನಿಗ್ಸ್‌ಬರ್ಗಿನ ರಥದ ಗಾಲಿಗಳನ್ನು ಯಾರೂ ಅಳೆದಂತಿಲ್ಲ. ಎಲ್ಲ ಸತ್ಯವನ್ನೂ ಹೇಳಬೇಕಾಗಿಲ್ಲ, ಹೇಳಿದ್ದು ಸುಳ್ಳಾಗಿರಬಾರದು ಅಷ್ಟೇ ಎಂದು ಕಾಂಟ್ ಸಮಜಾಯಿಷಿ ಕೊಡುತ್ತಿದ್ದ. ಇರಬಹುದು. ನನಗೆ ಇಷ್ಟವಾಗುವುದು ಮಾತ್ರ ಬೇರೆ ಸಂಗತಿ. ಊಹೆಯ ಕೊಲೆಗಾರ ಬಾಗಿಲಿಗೆ ಬಂದಾಗ ಹೆಬ್ಬಾಗಿಲು ಹಾರುಹೊಡೆದ ಮನುಷ್ಯ, ನಿಜವಾದ ರಾಜಾಜ್ಞೆ ಬಾಗಿಲಿಗೆ ಬಂದಾಗ ಹಿತ್ತಿಲ ಬಾಗಿಲು ಎಲ್ಲಿದೆಯೆಂದು ಹುಡುಕಿ, ಅಗುಳಿಗೆ ಎಣ್ಣೆ ಸವರಿ, ಸದ್ದಿಲ್ಲದೆ ತೆಗೆದನಲ್ಲ, ಆಗ ಅವನೂ ನಮ್ಮ ಓಣಿಯವನೇ ಆದ.

ಸುಳ್ಳು ಯಾಕೆ ಹೇಳಬಾರದು, ಅದಕ್ಕೆ ಕಾರಣವೇನು, ಆ ಕಾರಣಕ್ಕೆ ಕಾರಣವೇನು ಎಂದು ಬುಡ ಹುಡುಕುವ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವವನು ನಮ್ಮ ಕೊಟ್ಟಿಗೆಗೆ ಪಾಯ ಹಾಕಿದ ಮೇಸ್ತ್ರಿ. ಆಗ ನಾನು ಹೈಸ್ಕೂಲು. ಎಷ್ಟು ಆಳ ತೆಗೆಯಬೇಕು ಎಂದು ಅಪ್ಪ ಕೇಳಿದರೆ ಅವನು “ಗಟ್ಟಿ ಸಿಗೋ ತಂಕ” ಎಂದ. ಗಟ್ಟಿ ಸಿಕ್ಕಿತೆಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ಅವನು ನನ್ನನ್ನು ಒಂದು ಸಲ ನೋಡಿ, ಗುಂಡಿಗಿಳಿದು ಹಾರೆಯನ್ನು ಎರಡು ಸಲ ಕುಟ್ಟಿ, “ಕೇಳು, ಕಂಯ್ ಅಂತು” ಎಂದ. ಅದರ ಕೆಳಗೇನಿದೆ ಎಂದೆ. “ಮಣ್ಣು.” ಅದರ ಕೆಳಗೆ? “ನಿನ್ನ ಅಪ್ಪನ ದುಡ್ಡು” ಎಂದು ಬೀಡಿ ಹಚ್ಚಿದ. ಕಾರಣಗಳನ್ನು ಅಗೆಯುತ್ತ ಹೋದರೆ ಒಂದು ಕಡೆ ಸಲಿಕೆ ಬಗ್ಗುತ್ತದೆ ಎಂಬರ್ಥದ ಮಾತನ್ನು ವಿಟ್‌ಗೆನ್‌ಸ್ಟೈನ್ ಎಂಬ ತತ್ವಜ್ಞಾನಿ ಆಡಿದ್ದಾನೆ. ಆ ಮಾತಿರುವ ಪುಸ್ತಕ 1953ರಲ್ಲಿ ಅಚ್ಚಾಯಿತು, ನಮ್ಮ ಮೇಸ್ತ್ರಿಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಕೃತಿಚೌರ್ಯದ ಪ್ರಶ್ನೆಯಿಲ್ಲ.

ಆದರೆ ನಮ್ಮ ಹಳೆಯ ನೈಯಾಯಿಕರು ಅಷ್ಟಕ್ಕೇ ಬೀಡಿ ಹಚ್ಚುವವರಲ್ಲ. ಒಂದಕ್ಕೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು ಎಂದು ಮುಗಿಯದೆ ಹೋದರೆ ಅದು ಅನವಸ್ಥಾದೋಷ; ಇದಕ್ಕೆ ಅದು, ಅದಕ್ಕೆ ಇದು ಎಂದರೆ ಅನ್ಯೋನ್ಯಾಶ್ರಯ, ನಮ್ಮೂರಿನಲ್ಲಿ ಇಬ್ಬರು ಸಾಲಗಾರರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ. ನಾಗಾರ್ಜುನ ತನ್ನ ‘ವಿಗ್ರಹವ್ಯಾವರ್ತನೀ’ಯಲ್ಲಿ ಇದೇ ಕತ್ತರಿಯನ್ನು ಬುದ್ಧಿಯ ಕೊರಳಿಗೇ ಹಿಡಿದ: ಎಲ್ಲವನ್ನೂ ಪ್ರಮಾಣದಿಂದ ಸಿದ್ಧಪಡಿಸುತ್ತೀರಲ್ಲ, ಆ ಪ್ರಮಾಣವನ್ನು ಯಾವುದರಿಂದ ಸಿದ್ಧಪಡಿಸುತ್ತೀರಿ? ನ್ಯಾಯಸೂತ್ರದಲ್ಲಿ ಇಂಥ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಒಂದು ತಕ್ಕಡಿ ಇದೆ. ತೂಗುವ ತಕ್ಕಡಿಯೂ ಬೇಕೆಂದಾಗ ತೂಗಿಸಿಕೊಳ್ಳುವ ವಸ್ತುವಾಗುತ್ತದೆ, ತಪ್ಪೇನು? ಅಂಗಡಿಯಲ್ಲಿ ಬೆಲ್ಲ ತರುವಾಗ ಅಜ್ಜಿ ಮಾಡುತ್ತಿದ್ದುದೂ ಅದೇ. ಮೊದಲು ಖಾಲಿ ತಟ್ಟೆಗಳು ಸಮ ನಿಲ್ಲುತ್ತವೆಯೇ ನೋಡುವಳು, ಆಮೇಲೆ ಕಲ್ಲನ್ನು ಕೈಯಲ್ಲಿ ಎತ್ತಿ ನೋಡುವಳು, ಕೊನೆಗೆ ಅಂಗಡಿಯವನ ಮುಖವನ್ನು ಇನ್ನೊಂದು ಗಳಿಗೆ ನೋಡುವಳು, ಅಷ್ಟಾದ ಮೇಲೆ ಬೆಲ್ಲ. ಜಗತ್ತಿನ ಪ್ರಥಮ ತಕ್ಕಡಿ ಯಾವುದು ಎಂದು ಕೇಳುತ್ತ ನಿಂತಿದ್ದರೆ ನಮ್ಮ ಮನೆಯಲ್ಲಿ ಪಾಯಸ ಆಗುತ್ತಿರಲಿಲ್ಲ.

ಕೆಸರುಹೊಂಡಕ್ಕೆ ಹೋಗಿಬರುತ್ತೇವೆಂದು ಹೇಳಿದ್ದೆ. ಕಾಂಟನನ್ನು ನಿದ್ದೆಯಿಂದ ಎಬ್ಬಿಸಿದವನು, ಲಾಂಪೆಯನ್ನು ಬಿಟ್ಟರೆ, ಡೇವಿಡ್ ಹ್ಯೂಮ್. 1711ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ, ದಪ್ಪ ಹೊಟ್ಟೆಯ, ಸದಾ ಹಸನ್ಮುಖಿ. ಮೂವತ್ತು ತುಂಬುವ ಮೊದಲೇ ಅವನು ಹೇಳಿದ್ದ: ನೀತಿ ಹುಟ್ಟುವುದು ಬುದ್ಧಿಯಿಂದಲ್ಲ, ಭಾವದಿಂದ, ಬುದ್ಧಿ ಏನಿದ್ದರೂ ಭಾವದ ಆಳು. ಲೋಕ ಹೀಗಿದೆ ಹೀಗಿದೆ ಎಂದು ಹೇಳುತ್ತ ಬಂದವರು ಯಾವ ಮಾಯದಲ್ಲೋ ಹೀಗಿರಬೇಕು ಎನ್ನತೊಡಗುತ್ತಾರಲ್ಲ, ‘ಇದೆ’ಯಿಂದ ‘ಬೇಕು’ವಿಗೆ ಹಾರುವ ಸಂಕ ಎಲ್ಲಿದೆ ಎಂದು ಕೇಳಿದವನೂ ಅವನೇ. ಇದನ್ನೆಲ್ಲ ಬರೆದ ಪುಸ್ತಕವನ್ನು ಆಗ ಯಾರೂ ಮೂಸಿ ನೋಡಲಿಲ್ಲ. ಇಂಥ ಸಂಶಯಗಳು ತಲೆ ಕೆಡಿಸಿದಾಗ ಅವನು ಮಾಡುತ್ತಿದ್ದುದು ಗೆಳೆಯರೊಡನೆ ಊಟ, ಒಂದಿಷ್ಟು ಪಗಡೆಯಂಥ ಆಟ. ಆಮೇಲೆ ನೋಡಿದರೆ ತನ್ನ ತರ್ಕವೇ ತನಗೆ ತಣ್ಣಗೆ, ನಗೆಪಾಟಲಾಗಿ ಕಾಣುತ್ತಿತ್ತಂತೆ.

ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಹೊಸ ಮನೆ ಕಟ್ಟಿಸುತ್ತಿದ್ದ ಕಾಲದಲ್ಲಿ, ಅದನ್ನು ನೋಡಲು ಹೋಗುತ್ತಿದ್ದವನು ಕಾಲುಜಾರಿ ಜೌಗಿನಲ್ಲಿ ಸೊಂಟದವರೆಗೆ ಹೂತುಹೋದ. ಮೀನು ಮಾರುವ ಹೆಂಗಸೊಬ್ಬಳು ಬಂದಳು, ಗುರುತು ಹಿಡಿದಳು. ದೇವರಿಲ್ಲ ಅನ್ನೋ ಹ್ಯೂಮ್ ನೀನೇ ಅಲ್ಲವೇ, ಮೊದಲು ಪ್ರಾರ್ಥನೆ ಹೇಳು, ಆಮೇಲೆ ಎತ್ತುತ್ತೇನೆ ಎಂದಳು. ಹ್ಯೂಮ್ ತಡಮಾಡದೆ ಹೇಳಿದ, ಅವಳು ತಡಮಾಡದೆ ಎತ್ತಿದಳು. ಕಥೆ ನಿಜವೋ ಸುಳ್ಳೋ ಕಟ್ಟಿದವರಿಗೆ ಗೊತ್ತು. ಮನೆಯ ಪಾಯ ನೋಡಲು ಹೊರಟವನು ನೆಲವೇ ಇಲ್ಲದ ಕಡೆ ಸಿಕ್ಕಿಬಿದ್ದದ್ದು, ಅಲ್ಲಿಂದ ಮೇಲಕ್ಕೆ ಬಂದದ್ದು ತನಗೆ ನಂಬಿಕೆಯಿಲ್ಲದ ಮಾತನ್ನು ಹೇಳಿ, ಎತ್ತಿದವಳು ನಂಬಿಕೆಯಿದ್ದವಳು ಎಂಬುದೆಲ್ಲ ನೆನೆದರೆ, ಇದನ್ನು ಕಟ್ಟಿದವನು ಯಾರೋ ಒಳ್ಳೆಯ ಅರ್ಥಧಾರಿಯೇ ಇರಬೇಕು. ಕೆಸರಿನಲ್ಲಿ ನಿಂತು ಹ್ಯೂಮ್ ಹೇಳಿದ್ದು ಸುಳ್ಳೇ? ಕಾಂಟ್ ಆಗಿದ್ದರೆ ಏನು ಮಾಡುತ್ತಿದ್ದ? ‘ಮಹಾತಾಯಿಯ ಪರಮ ನಿಷ್ಠ ಪತಿತನಾಗಿ, ಈ ಕೆಸರಿನಲ್ಲಿರುವ ತನಕ’ ಎಂದು ಶುರು ಮಾಡುತ್ತಿದ್ದನೋ ಏನೋ.

ಅದಿರಲಿ, ನಾನು ಹೇಳಹೊರಟ ಅಪವಾದದ ವಿಷಯ ಬಾಕಿ ಉಳಿಯಿತು. ಧರ್ಮರಾಯನೂ ಕಾಂಟನೂ ನಿಜವನ್ನೇ ಹೇಳಿ ಎದುರಿಗಿದ್ದವನನ್ನು ದಾರಿ ತಪ್ಪಿಸಿದರು. ನಾನು ಸುಳ್ಳನ್ನೇ ಹೇಳಿ ಎದುರಿಗಿದ್ದವರನ್ನು ಸರಿದಾರಿಗೆ ಕಳಿಸಿದೆ. ಇದಕ್ಕೆ ಏನು ಶಿಕ್ಷೆ, ಏನು ಬಹುಮಾನ ಎಂದು ಕರ್ಣಪರ್ವದಲ್ಲೂ ಇಲ್ಲ, ಕಾಂಟನಲ್ಲೂ ಇಲ್ಲ. ಬಲಗಿವಿಗೆ ಆದದ್ದನ್ನು ಹೇಳಿದೆ. ಹದಿನೈದು ದಿನ ಬಿಟ್ಟು ರಥೋತ್ಸವದ ದಿನ ದೇವಸ್ಥಾನದ ಪೌಳಿಯಲ್ಲಿ ಅದೇ ಛತ್ರಿ ನನ್ನ ಹತ್ತಿರ ಬಂತು. ನಾನು ಅಜ್ಜಿಯ ಸೆರಗಿನ ಹಿಂದೆ ಸರಿದೆ. ಸಾಹುಕಾರರು ನನ್ನ ತಲೆ ಸವರಿ, ಅಲ್ಲಿದ್ದ ಹತ್ತಾರು ಜನಕ್ಕೆ ಕೇಳುವ ಹಾಗೆ, ಇಪ್ಪತ್ತು ವರ್ಷದಿಂದ ವಸೂಲಿಗೆ ಮನೆಮನೆ ತಿರುಗುತ್ತಿದ್ದೇನೆ, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಈ ಸೀಮೆಯಲ್ಲೇ ಈ ಹುಡುಗನೊಬ್ಬ ಎಂದರು. ಅಜ್ಜಿಯ ಮುಖ ಅರಳಿತು. ದೂರದಲ್ಲಿ ಕಂಬಕ್ಕೊರಗಿದ್ದ ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದ, ಅರ್ಥ ಹೇಳಲು ಬಾಯಿ ತೆರೆದವನು ಯಾಕೋ ಮುಚ್ಚಿದ. ಸಾಹುಕಾರರು ಜೇಬಿನಿಂದ ಎರಡು ಪೆಪ್ಪರಮೆಂಟು ತೆಗೆದು ನನ್ನ ಅಂಗೈಗೆ ಹಾಕಿದರು. ನಿಜ ಹೇಳಿಬಿಡೋಣ ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದುಂಟು. ಪೆಪ್ಪರಮೆಂಟಿನ ಕಾಗದ ಕೆಂಪಗಿತ್ತು, ಎರಡೂ ತುದಿ ತಿರುಚಿತ್ತು, ಬಿಚ್ಚುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.